ಅಂಡಾಶಯದಲ್ಲಿ ‘ಗಂಡಸರ ಹಾರ್ಮೋನು’ ಏಕೆ ಹುಟ್ಟುತ್ತದೆ?

ಪ್ರಶ್ನೆ: ನಾನು ಜೀವವಿಜ್ಞಾನ ಕಲಿಸುವ ಶಿಕ್ಷಕಿ, ವಯಸ್ಸು 29. ನನಗೆ 45ರಿಂದ 60 ದಿನಗಳಿಗೊಮ್ಮೆ ಮುಟ್ಟಾಗುತ್ತದೆ. ಪಿಸಿಓಎಸ್ (ಅಂಡಾಶಯದಲ್ಲಿ ಹಲವು ಸಣ್ಣ ಗುಳ್ಳೆಗಳು ನಿಂತು ಮುಟ್ಟು ಏರುಪೇರಾಗುವ ಹಾರ್ಮೋನು ತೊಂದರೆ) ಇದೆ ಎಂದು ವೈದ್ಯರು ಹೇಳಿದ್ದಾರೆ. ಮುಟ್ಟಿನ ಮೂರನೆಯ ದಿನ ಮಾಡಿಸಿದ ರಕ್ತಪರೀಕ್ಷೆಯಲ್ಲಿ, ಅಂಡಾಶಯವನ್ನು ಪ್ರಚೋದಿಸುವ ಎರಡು ಹಾರ್ಮೋನುಗಳ ಪೈಕಿ, ಎಲ್‌ಎಚ್ ಮಟ್ಟ ಎಫ್‌ಎಸ್‌ಎಚ್‌ಗಿಂತ ಎರಡೂವರೆ ಪಟ್ಟು ಇದೆ, ಟೆಸ್ಟೊಸ್ಟಿರಾನ್ ಮಿತಿಯನ್ನು ಸ್ವಲ್ಪ ಮೀರಿದೆ, ಮುಖ್ಯ ಈಸ್ಟ್ರೋಜನ್ ಆದ ಈಸ್ಟ್ರಡಯಾಲ್ ಮಾತ್ರ ಸಹಜವಾಗಿದೆ. ಹೆಣ್ಣಿನ ಅಂಡಾಶಯ ಗಂಡಸರ ಹಾರ್ಮೋನನ್ನು ತಯಾರಿಸುವುದೇಕೆ? ವೈದ್ಯರು ಬರೆದುಕೊಟ್ಟ ಲೆಟ್ರೊಜೋಲ್ ಮಾತ್ರೆ ಈಸ್ಟ್ರೋಜನ್ನನ್ನು ಕಡಿಮೆ ಮಾಡುತ್ತದೆ ಎಂದು ಓದಿದೆ. ಈಸ್ಟ್ರೋಜನ್ ಕಡಿಮೆಯಾದರೆ ಅಂಡ ಬೆಳೆಯುವುದು ಹೇಗೆ?

ಉತ್ತರ: ನಿಮ್ಮ ಎರಡೂ ಪ್ರಶ್ನೆಗಳ ಬೇರು ಒಂದೇ. ಅಂಡಾಶಯದಲ್ಲಿ ಆಂಡ್ರೋಜನ್, ಅಂದರೆ ಟೆಸ್ಟೊಸ್ಟಿರಾನ್ ಜಾತಿಯ ಹಾರ್ಮೋನು, ಇಲ್ಲದೆ ಈಸ್ಟ್ರೋಜನ್ ಹುಟ್ಟುವುದೇ ಇಲ್ಲ. ಟೆಸ್ಟೊಸ್ಟಿರಾನನ್ನು ‘ಗಂಡಸರ ಹಾರ್ಮೋನು’ ಎಂದು ಕರೆಯುವ ರೂಢಿ ಬಲವಾಗಿ ಬೇರೂರಿರುವುದರಿಂದ, ಹೆಣ್ಣಿನ ರಕ್ತದಲ್ಲಿ ಅದು ಕಂಡರೆ ಬರಬಾರದ್ದೇನೋ ಬಂದು ಸೇರಿಕೊಂಡಿದೆ ಎಂಬ ಅಳುಕು ಹುಟ್ಟುತ್ತದೆ. ಆದರೆ ಪೂರ್ಣ ಆರೋಗ್ಯವಂತಳಾದ ಹೆಣ್ಣಿನ ಅಂಡಾಶಯವೂ ಪ್ರತಿ ಋತುಚಕ್ರದಲ್ಲಿ ಮೊದಲು ಆಂಡ್ರೋಜನ್ನನ್ನೇ ತಯಾರಿಸುತ್ತದೆ, ಆಮೇಲೆ ಅದರಿಂದ ಈಸ್ಟ್ರೋಜನ್ ಮಾಡಿಕೊಳ್ಳುತ್ತದೆ. ನಿಮ್ಮ ವರದಿಯಲ್ಲಿ ಕಾಣುತ್ತಿರುವುದು ಆಂಡ್ರೋಜನ್ ಇರುವ ದೋಷವಲ್ಲ, ಅದು ಹುಟ್ಟುವ ವೇಗಕ್ಕೂ ಬಳಕೆಯಾಗುವ ವೇಗಕ್ಕೂ ತಾಳೆ ತಪ್ಪಿರುವುದು. ಈ ತಾಳೆಯನ್ನು ಕಾಯುವ ಹಾರ್ಮೋನುಗಳ ಏರ್ಪಾಡು ಅರ್ಥವಾದರೆ ಲೆಟ್ರೊಜೋಲ್ ಕೊಡುವುದರ ತರ್ಕವೂ ತಾನಾಗಿಯೇ ತಿಳಿಯುತ್ತದೆ. ನೀವು ಜೀವವಿಜ್ಞಾನ ಕಲಿಸುವವರಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಇಂಗಾಲದ ಲೆಕ್ಕದಿಂದ ಪ್ರಾರಂಭಿಸೋಣ. ದೇಹದ ಎಲ್ಲ ಸ್ಟಿರಾಯ್ಡ್ ಹಾರ್ಮೋನುಗಳ ಮೂಲವಸ್ತು ಕೊಲೆಸ್ಟರಾಲ್. ಅದರ ಒಂದು ಅಣುವಿನಲ್ಲಿ 27 ಇಂಗಾಲದ ಪರಮಾಣುಗಳಿವೆ. ಅದರ ಬಾಲದಂತಿರುವ ಸರಪಳಿಯಿಂದ ಆರು ಇಂಗಾಲ ಕತ್ತರಿಸಿ ಹೋದರೆ 21 ಇಂಗಾಲದ ಪ್ರೆಗ್ನೆನೊಲೋನ್ ಉಳಿಯುತ್ತದೆ. ಪ್ರೊಜೆಸ್ಟರಾನ್ ಕೂಡ 21 ಇಂಗಾಲದ್ದೇ. ಇನ್ನೆರಡು ಹೋದರೆ 19 ಇಂಗಾಲದ ಆಂಡ್ರೋಜನ್‌ಗಳು, ಅಂದರೆ ಡಿಎಚ್‌ಇಎ, ಆಂಡ್ರೊಸ್ಟೆನೆಡಯೋನ್ ಮತ್ತು ಟೆಸ್ಟೊಸ್ಟಿರಾನ್. ಅದರಿಂದ ಮತ್ತೊಂದು ಇಂಗಾಲ ಕಳಚಿ, ಮೊದಲ ಉಂಗುರ ಆರೊಮ್ಯಾಟಿಕ್ ರೂಪಕ್ಕೆ ತಿರುಗಿದಾಗ 18 ಇಂಗಾಲದ ಈಸ್ಟ್ರೋಜನ್ ಸಿದ್ಧವಾಗುತ್ತದೆ. ಈ ಕೊನೆಯ ಕೆಲಸ ಮಾಡುವ ಕಿಣ್ವದ ಹೆಸರು ಆರೊಮಟೇಸ್. ಈ ದಾರಿಯಲ್ಲಿ 21ರಿಂದ ನೇರವಾಗಿ 18ಕ್ಕೆ ಜಿಗಿಯುವ ಒಳದಾರಿ ಮನುಷ್ಯರ ದೇಹದಲ್ಲಿ ಇಲ್ಲ. 19ನ್ನು ಹಾದೇ ಹೋಗಬೇಕು.

ವಿಶೇಷವೆಂದರೆ, ಈ ಇಡೀ ದಾರಿಯನ್ನು ಅಂಡಾಶಯದ ಯಾವ ಒಂದು ಬಗೆಯ ಜೀವಕೋಶವೂ ತಾನೊಂದೇ ಸರಿಯಾಗಿ ಕ್ರಮಿಸಲಾರದು. ಅಂಡವನ್ನು ಒಳಗಿಟ್ಟುಕೊಂಡು ಬೆಳೆಯುವ, ದ್ರವ ತುಂಬಿದ ಗುಳ್ಳೆಯನ್ನು ಫಾಲಿಕಲ್ ಎನ್ನುತ್ತೇವೆ. ಬೆಳೆದ ಫಾಲಿಕಲ್ಲಿನ ಗೋಡೆಯ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಎರಡು ಪ್ರದೇಶಗಳು ಸ್ಪಷ್ಟವಾಗಿ ಬೇರೆಬೇರೆಯಾಗಿ ಕಾಣುತ್ತವೆ. ಒಳಗಡೆ, ದ್ರವಕ್ಕೆ ತಾಗಿಕೊಂಡು, ಒತ್ತೊತ್ತಾಗಿ ಸಾಲುಗಟ್ಟಿದ ಚಿಕ್ಕ ಚಿಕ್ಕ ಗ್ರ್ಯಾನ್ಯುಲೋಸಾ ಕೋಶಗಳು. ಅವುಗಳ ನಡುವೆ ಒಂದೇ ಒಂದು ರಕ್ತನಾಳವೂ ಸಿಗುವುದಿಲ್ಲ. ಆ ಸಾಲುಗಳ ಹೊರ ಅಂಚಿನಲ್ಲಿ ಗೆರೆ ಎಳೆದಂತೆ ಒಂದು ತೆಳುಪೊರೆ. ಅದರಾಚೆಗೆ ಥೀಕಾ ಪದರ, ಅಲ್ಲಿ ಕೊಬ್ಬಿನ ಹನಿಗಳನ್ನು ತುಂಬಿಕೊಂಡ ದಪ್ಪ ಕೋಶಗಳೂ ಅವುಗಳ ನಡುವೆ ಕೆಂಪುರಕ್ತಕಣಗಳು ಸಾಲಾಗಿ ಸಿಕ್ಕಿಕೊಂಡಿರುವ ಸೂಕ್ಷ್ಮ ರಕ್ತನಾಳಗಳ ಜಾಲವೂ ಇರುತ್ತವೆ. ಕೊಲೆಸ್ಟರಾಲನ್ನು ಹೊತ್ತು ತರುವ ಎಲ್‌ಡಿಎಲ್ ಕಣಗಳು ರಕ್ತದಿಂದ ಥೀಕಾಕ್ಕೆ ಸುಲಭವಾಗಿ ತಲುಪುತ್ತವೆ. ಅವು ದೊಡ್ಡ ಗಾತ್ರದವಾದ್ದರಿಂದ ಪೊರೆಯನ್ನು ದಾಟಿ ಗ್ರ್ಯಾನ್ಯುಲೋಸಾವನ್ನು ಮುಟ್ಟುವುದು ಕಷ್ಟ. ಹೀಗೆ ಒಂದು ಕಡೆ ಮೂಲವಸ್ತು ಇದೆ, ಕೊನೆಯ ಕಿಣ್ವ ಇಲ್ಲ. ಇನ್ನೊಂದು ಕಡೆ ಕಿಣ್ವ ಇದೆ, ಮೂಲವಸ್ತು ಇಲ್ಲ. ಒಂದೇ ಕೈಯಿಂದ ಚಪ್ಪಾಳೆಯಾಗದು ಎಂಬ ಮಾತು ಈ ಗೋಡೆಗೆ ಅಕ್ಷರಶಃ ಒಪ್ಪುತ್ತದೆ.

ಇದನ್ನು ಮೊದಲಿಗೆ ತೋರಿಸಿಕೊಟ್ಟವರು ಸ್ವೀಡನ್ನಿನ ಬೆಂಗ್ಟ್ ಫಾಲ್ಕ್. 1959ರಲ್ಲಿ ಪ್ರಕಟವಾದ ಅವರ ಪ್ರಯೋಗ ಇಂದಿಗೂ ನನ್ನಲ್ಲಿ ಗೌರವ ಹುಟ್ಟಿಸುತ್ತದೆ. ಇಲಿಯ ಅಂಡಾಶಯದ ಬೇರೆಬೇರೆ ಕೋಶಗಳನ್ನು ಬಿಡಿಸಿ, ಅವುಗಳನ್ನು ಇಲಿಯ ಕಣ್ಣಿನ ಮುಂಭಾಗದ ಕೋಣೆಯಲ್ಲಿ ನೆಟ್ಟು, ಪಕ್ಕದಲ್ಲಿ ಯೋನಿಯ ಒಳಪದರದ ಚೂರೊಂದನ್ನು ಈಸ್ಟ್ರೋಜನ್ನಿನ ಸೂಚಕವಾಗಿ ಇಟ್ಟರು. ಒಂದೊಂದೇ ಬಗೆಯ ಕೋಶವನ್ನು ನೆಟ್ಟಾಗ ಆ ಚೂರು ಬದಲಾಗಲಿಲ್ಲ. ಎರಡನ್ನೂ ಒಟ್ಟಿಗೆ ನೆಟ್ಟಾಗ ಮಾತ್ರ ಅದು ಈಸ್ಟ್ರೋಜನ್ ಸಿಕ್ಕಂತೆ ದಪ್ಪವಾಯಿತು. ಮಾನವ ಅಂಡಾಶಯದ ವಿಚಾರದಲ್ಲಿ 1968ರಲ್ಲಿ ಕೆನೆತ್ ರಯಾನ್ ಮತ್ತು ಸಂಗಡಿಗರು ಥೀಕಾ ಮತ್ತು ಗ್ರ್ಯಾನ್ಯುಲೋಸಾ ಕೋಶಗಳನ್ನು ಬೇರ್ಪಡಿಸಿ, ಮತ್ತೆ ಕೂಡಿಸಿ, ಅವು ತಯಾರಿಸುವ ಸ್ಟಿರಾಯ್ಡ್‌ಗಳನ್ನು ಅಳೆದರು. ಇಂಥ ಕೆಲಸಗಳಿಂದ ಬೆಳೆದು ಬಂದ ತಿಳಿವಳಿಕೆಗೆ ‘ಎರಡು ಕೋಶ, ಎರಡು ಗೊನಡೊಟ್ರೋಪಿನ್’ ಸಿದ್ಧಾಂತ ಎಂದು ಹೆಸರು. ಗೊನಡೊಟ್ರೋಪಿನ್ ಎಂದರೆ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಹೊರಟು ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನು. ನಿಮ್ಮ ವರದಿಯಲ್ಲಿರುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಅವೇ ಎರಡು. ಎಲ್‌ಎಚ್ ಥೀಕಾಕ್ಕೆ ಆಜ್ಞೆ ಕೊಡುತ್ತದೆ, ಎಫ್‌ಎಸ್‌ಎಚ್ ಗ್ರ್ಯಾನ್ಯುಲೋಸಾಕ್ಕೆ.

ಮನುಷ್ಯರಲ್ಲಿ ಇದಕ್ಕೆ ಸಿಕ್ಕ ಅತ್ಯಂತ ನೇರವಾದ ಪುರಾವೆ ಬಂದದ್ದು 1990ರ ದಶಕದಲ್ಲಿ. ತಳಿತಂತ್ರಜ್ಞಾನದಿಂದ ತಯಾರಿಸಿದ, ಎಲ್‌ಎಚ್ ಲವಲೇಶವೂ ಬೆರೆಯದ ಎಫ್‌ಎಸ್‌ಎಚ್ ಆಗ ತಾನೇ ಲಭ್ಯವಾಗಿತ್ತು. ಹುಟ್ಟಿನಿಂದಲೇ ಎರಡೂ ಗೊನಡೊಟ್ರೋಪಿನ್‌ಗಳ ತೀವ್ರ ಕೊರತೆಯಿದ್ದ ಮಹಿಳೆಯರಿಗೆ ಅದನ್ನು ಮಾತ್ರ ಕೊಟ್ಟಾಗ ಫಾಲಿಕಲ್‌ಗಳು ಬೆಳೆದವು, ಸ್ಕ್ಯಾನಿಂಗಿನಲ್ಲಿ ದೊಡ್ಡದಾಗಿಯೇ ಕಂಡವು. ಆದರೆ ರಕ್ತದಲ್ಲಿ ಈಸ್ಟ್ರಡಯಾಲ್ ಬಹಳ ಕಡಿಮೆಯಾಗಿಯೇ ಉಳಿಯಿತು. ಎಲ್‌ಎಚ್ ಇಲ್ಲದ್ದರಿಂದ ಥೀಕಾ ಆಂಡ್ರೋಜನ್ ಮಾಡಲಿಲ್ಲ, ಆಂಡ್ರೋಜನ್ ಬಾರದೆ ಗ್ರ್ಯಾನ್ಯುಲೋಸಾದ ಆರೊಮಟೇಸ್‌ಗೆ ಕೆಲಸವೇ ಸಿಗಲಿಲ್ಲ. ಎಲ್‌ಎಚ್ ಕೂಡ ಸೇರಿಸಿಕೊಟ್ಟಾಗ ಈಸ್ಟ್ರಡಯಾಲ್ ಏರಿತು. ‘ಅಂಡಾಶಯಕ್ಕೆ ಆಂಡ್ರೋಜನ್ ಏಕೆ ಬೇಕು’ ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉತ್ತರ ನನಗೆ ತೋಚುವುದಿಲ್ಲ.

ಈಗ ಒಂದು ಥೀಕಾ ಕೋಶದ ಒಳಗೆ ಹೋಗೋಣ, ಏಕೆಂದರೆ ನಿಮ್ಮ ತೊಂದರೆಯ ಬಹುಭಾಗ ಅಲ್ಲೇ ಇದೆ. ಎಲ್‌ಎಚ್ ಕೋಶದ ಒಳಕ್ಕೆ ಹೋಗುವುದಿಲ್ಲ. ಹೊರಮೈಯಲ್ಲಿರುವ ತನ್ನ ಗ್ರಾಹಕಕ್ಕೆ ಅದು ಅಂಟಿಕೊಂಡಾಗ ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು ಹೆಚ್ಚುತ್ತದೆ, ಅದು ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ಇದರ ಪರಿಣಾಮ ಎರಡು ವೇಗಗಳಲ್ಲಿ ಕಾಣುತ್ತದೆ. ನಿಮಿಷಗಳ ಲೆಕ್ಕದಲ್ಲಿ ಆಗುವ ಕೆಲಸವೆಂದರೆ ಕೊಲೆಸ್ಟರಾಲನ್ನು ಮೈಟೊಕಾಂಡ್ರಿಯದ ಹೊರಪೊರೆಯಿಂದ ಒಳಪೊರೆಗೆ ಸಾಗಿಸುವುದು. ಈ ಎರಡು ಪೊರೆಗಳ ನಡುವೆ ನೀರಿನಂಶವಿದೆ, ಕೊಬ್ಬಿನ ಜಾತಿಯ ಕೊಲೆಸ್ಟರಾಲ್ ಅದನ್ನು ತಾನಾಗಿ ದಾಟಲಾರದು. ದಾಟಿಸುವ ಪ್ರೋಟೀನಿನ ಹೆಸರು ಸ್ಟಾರ್. 1994ರಲ್ಲಿ ಡಗ್ಲಸ್ ಸ್ಟಾಕೊ ಅವರ ತಂಡ ಇದನ್ನು ಗುರುತಿಸಿತು. ಇಡೀ ಸ್ಟಿರಾಯ್ಡ್ ತಯಾರಿಕೆಯ ವೇಗ ನಿರ್ಧಾರವಾಗುವುದು ಈ ಇಕ್ಕಟ್ಟಿನ ಜಾಗದಲ್ಲಿ. ಎಷ್ಟೇ ಕಿಣ್ವ ಇರಲಿ, ಎಷ್ಟೇ ಕೊಲೆಸ್ಟರಾಲ್ ಇರಲಿ, ದಾಟಿಸುವವರು ಇಲ್ಲದಿದ್ದರೆ ಉತ್ಪಾದನೆ ಸಾಗದು. ಸ್ಟಾರ್ ವಂಶವಾಹಿಯಲ್ಲಿ ದೋಷವಿದ್ದು ಹುಟ್ಟುವ ಶಿಶುಗಳಲ್ಲಿ ಅಡ್ರಿನಲ್ ಗ್ರಂಥಿ ಕೊಲೆಸ್ಟರಾಲ್ ತುಂಬಿಕೊಂಡು ಉಬ್ಬುತ್ತದೆ, ಹಾರ್ಮೋನು ಮಾತ್ರ ಹೊರಡುವುದಿಲ್ಲ, ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ.

ಗಂಟೆಗಳ, ದಿನಗಳ ಲೆಕ್ಕದಲ್ಲಿ ಆಗುವ ಇನ್ನೊಂದು ಕೆಲಸವೆಂದರೆ ಕಿಣ್ವಗಳ ಪ್ರಮಾಣವನ್ನೇ ಹೆಚ್ಚಿಸುವುದು. ಒಳಪೊರೆಗೆ ಬಂದ ಕೊಲೆಸ್ಟರಾಲಿನ ಸರಪಳಿಯನ್ನು ಸಿವೈಪಿ11ಎ1 ಎಂಬ ಕಿಣ್ವ ಕತ್ತರಿಸುತ್ತದೆ. ಹೀಗೆ ಹುಟ್ಟಿದ ಪ್ರೆಗ್ನೆನೊಲೋನ್ ಮೈಟೊಕಾಂಡ್ರಿಯದಿಂದ ಹೊರಬಂದು ಕೋಶದೊಳಗಿನ ಪೊರೆಜಾಲದಲ್ಲಿರುವ ಸಿವೈಪಿ17ಎ1 ಕಿಣ್ವಕ್ಕೆ ಸಿಗುತ್ತದೆ. ಈ ಒಂದೇ ಕಿಣ್ವ ಎರಡು ಹೆಜ್ಜೆಗಳಲ್ಲಿ 21 ಇಂಗಾಲವನ್ನು 19ಕ್ಕೆ ಇಳಿಸುತ್ತದೆ. ಇಲ್ಲಿ ಮಾನವ ಅಂಡಾಶಯದ ಒಂದು ವಿಶೇಷವನ್ನು ಹೇಳಲೇಬೇಕು. ನಮ್ಮ ಸಿವೈಪಿ17ಎ1 ತನ್ನ ಎರಡನೆಯ ಹೆಜ್ಜೆಯನ್ನು ಪ್ರೆಗ್ನೆನೊಲೋನಿನ ದಾರಿಯಲ್ಲಿ ಚೆನ್ನಾಗಿ ಇಡುತ್ತದೆ, ಪ್ರೊಜೆಸ್ಟರಾನಿನ ದಾರಿಯಲ್ಲಿ ಬಹಳ ಕಷ್ಟಪಟ್ಟು ಇಡುತ್ತದೆ. ಆದ್ದರಿಂದ ಮನುಷ್ಯರಲ್ಲಿ ಮುಖ್ಯ ಹೆದ್ದಾರಿ ಡಿಎಚ್‌ಇಎ ಮೂಲಕ ಆಂಡ್ರೊಸ್ಟೆನೆಡಯೋನ್‌ಗೆ ಹೋಗುತ್ತದೆ. ಪಠ್ಯಪುಸ್ತಕಗಳಲ್ಲಿ ಎಲ್ಲ ಬಾಣಗಳನ್ನೂ ಒಂದೇ ದಪ್ಪದಲ್ಲಿ ಬರೆದಿರುವುದರಿಂದ ಈ ವ್ಯತ್ಯಾಸ ವಿದ್ಯಾರ್ಥಿಗಳ ಕಣ್ಣಿಗೆ ಬೀಳುವುದಿಲ್ಲ. ನೀವು ಪಾಠ ಮಾಡುವಾಗ ಒಂದು ಬಾಣವನ್ನು ದಪ್ಪಗೆ, ಇನ್ನೊಂದನ್ನು ತೆಳ್ಳಗೆ ಬರೆದು ತೋರಿಸಿದರೆ ಒಳ್ಳೆಯದು.

ಥೀಕಾದಿಂದ ಹೊರಟ ಆಂಡ್ರೊಸ್ಟೆನೆಡಯೋನ್ ಚಿಕ್ಕ ಅಣು, ಕೊಬ್ಬಿನಲ್ಲಿ ಕರಗುವಂಥದ್ದು, ಪೊರೆಯನ್ನು ಸಲೀಸಾಗಿ ದಾಟಿ ಗ್ರ್ಯಾನ್ಯುಲೋಸಾ ಸೇರುತ್ತದೆ. ಅಲ್ಲಿ ಎಫ್‌ಎಸ್‌ಎಚ್ ತನ್ನ ಗ್ರಾಹಕದ ಮೂಲಕ, ಮತ್ತದೇ ಸೈಕ್ಲಿಕ್ ಎಎಂಪಿಯ ನೆರವಿನಿಂದ, ಆರೊಮಟೇಸ್ ಕಿಣ್ವವನ್ನು ಹೆಚ್ಚಿಸಿರುತ್ತದೆ. ಆಂಡ್ರೊಸ್ಟೆನೆಡಯೋನ್ ಈಸ್ಟ್ರೋನ್ ಆಗುತ್ತದೆ, ಅದನ್ನು ಇನ್ನೊಂದು ಕಿಣ್ವ ಪ್ರಬಲವಾದ ಈಸ್ಟ್ರಡಯಾಲ್ ಆಗಿ ಮಾರ್ಪಡಿಸುತ್ತದೆ. ಅಂಡೋತ್ಸರ್ಗಕ್ಕೆ ಸಿದ್ಧವಾದ ಫಾಲಿಕಲ್ಲಿನ ದ್ರವದಲ್ಲಿ ಈಸ್ಟ್ರಡಯಾಲಿನ ಸಾಂದ್ರತೆ ರಕ್ತದಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚಿರುತ್ತದೆ. ರಕ್ತಪರೀಕ್ಷೆಯ ಅಂಕಿ ಆ ಗುಳ್ಳೆಯೊಳಗಿನ ಲೋಕದ ಬಹಳ ದೂರದ ಸುದ್ದಿ ಮಾತ್ರ ಎಂಬುದನ್ನು ನೆನಪಿನಲ್ಲಿಡಬೇಕು.

ಆಂಡ್ರೋಜನ್ ಬರೀ ಕಚ್ಚಾವಸ್ತುವೂ ಅಲ್ಲ. ಸಣ್ಣ ಫಾಲಿಕಲ್‌ಗಳ ಗ್ರ್ಯಾನ್ಯುಲೋಸಾ ಕೋಶಗಳಲ್ಲಿ ಆಂಡ್ರೋಜನ್ ಗ್ರಾಹಕಗಳಿವೆ. ಅಲ್ಲಿ ಹಿತಮಿತವಾದ ಆಂಡ್ರೋಜನ್ ಎಫ್‌ಎಸ್‌ಎಚ್ ಗ್ರಾಹಕಗಳನ್ನು ಹೆಚ್ಚಿಸಿ, ಆ ಫಾಲಿಕಲ್ ಎಫ್‌ಎಸ್‌ಎಚ್‌ಗೆ ಸ್ಪಂದಿಸುವಂತೆ ಮಾಡುತ್ತದೆ. ಹಾಗೆಂದು ಮಿತಿಮೀರಿದರೂ ಆಗದು. ಎಫ್‌ಎಸ್‌ಎಚ್ ಸಾಲದ ಫಾಲಿಕಲ್ಲಿನಲ್ಲಿ ಆಂಡ್ರೋಜನ್ ತುಂಬಿಕೊಂಡರೆ ಅದು ಡೈಹೈಡ್ರೊಟೆಸ್ಟೊಸ್ಟಿರಾನ್‌ನಂಥ ರೂಪಗಳಿಗೆ ತಿರುಗುತ್ತದೆ. ಆ ರೂಪಗಳನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸಲು ಆಗುವುದಿಲ್ಲ, ಮೇಲಾಗಿ ಅವು ಆರೊಮಟೇಸನ್ನೇ ಅಡ್ಡಗಟ್ಟುತ್ತವೆ. ಅದೇ ವಸ್ತು ಒಂದು ಫಾಲಿಕಲ್ಲಿಗೆ ಬೆಳೆಯುವ ಬಲ, ಇನ್ನೊಂದಕ್ಕೆ ನಿಂತುಹೋಗುವ ಕಾರಣ. ಯಾವುದು ಏನಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಪಕ್ಕದಲ್ಲಿರುವ ಎಫ್‌ಎಸ್‌ಎಚ್ ಎಷ್ಟು ಎಂಬುದು.

ಈ ಎರಡು ಗೊನಡೊಟ್ರೋಪಿನ್‌ಗಳನ್ನು ಹೊರಡಿಸುವ ಅಧಿಕಾರ ಇರುವುದು ಮಿದುಳಿನ ಹೈಪೊಥಲಾಮಸ್‌ನಲ್ಲಿ. ಅಲ್ಲಿಂದ ಜಿಎನ್‌ಆರ್‌ಎಚ್ ಎಂಬ ಹತ್ತೇ ಅಮೈನೊ ಆಮ್ಲಗಳ ಹಾರ್ಮೋನು ಮಿಡಿತ ಮಿಡಿತವಾಗಿ ಹೊರಡುತ್ತದೆ, ಒಂದೇ ಸಮನೆ ಹರಿಯುವುದಿಲ್ಲ. ಅರ್ನ್ಸ್ಟ್ ನೊಬಿಲ್ ಅವರ ತಂಡ 1978ರಲ್ಲಿ ರೀಸಸ್ ಕೋತಿಗಳಲ್ಲಿ ಇದರ ಮಹತ್ವವನ್ನು ತೋರಿಸಿತು. ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಕೊಟ್ಟಾಗ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಹೊರಬಂದವು, ಅದನ್ನೇ ಎಡೆಬಿಡದೆ ಹರಿಸಿದಾಗ ಎರಡೂ ಕುಸಿದವು. ಮಿಡಿತದ ವೇಗವೂ ಅರ್ಥಪೂರ್ಣ. ವೇಗವಾದ ಮಿಡಿತ ಎಲ್‌ಎಚ್ ಕಡೆಗೆ ವಾಲುತ್ತದೆ, ನಿಧಾನವಾದದ್ದು ಎಫ್‌ಎಸ್‌ಎಚ್ ಕಡೆಗೆ. ಋತುಚಕ್ರದ ಮೊದಲರ್ಧದಲ್ಲಿ ಸುಮಾರು 60ರಿಂದ 90 ನಿಮಿಷಗಳಿಗೊಂದು ಮಿಡಿತ ಇರುತ್ತದೆ. ಅಂಡೋತ್ಸರ್ಗದ ನಂತರ ಪ್ರೊಜೆಸ್ಟರಾನ್ ಏರಿದಾಗ ಅದು ಹಲವು ಗಂಟೆಗಳಿಗೊಮ್ಮೆ ಎಂಬಷ್ಟು ನಿಧಾನವಾಗುತ್ತದೆ. ಮಿಡಿತಕ್ಕೆ ಕಡಿವಾಣ ಹಾಕುವುದು ಪ್ರೊಜೆಸ್ಟರಾನ್ ಎಂಬ ಈ ಒಂದು ಅಂಶವನ್ನು ಹಿಡಿದಿಟ್ಟುಕೊಳ್ಳಿ, ನಿಮ್ಮ ವರದಿಗೆ ಹಿಂತಿರುಗುವಾಗ ಬೇಕಾಗುತ್ತದೆ.

ಅಂಡಾಶಯವೂ ಮೇಲಕ್ಕೆ ಸುದ್ದಿ ಕಳುಹಿಸುತ್ತಿರುತ್ತದೆ. ಬೆಳೆಯುತ್ತಿರುವ ಫಾಲಿಕಲ್‌ಗಳ ಈಸ್ಟ್ರಡಯಾಲ್ ಮತ್ತು ಇನ್ಹಿಬಿನ್ ಬಿ ಎಂಬ ಇನ್ನೊಂದು ಹಾರ್ಮೋನು ಎರಡೂ ಸೇರಿ ಎಫ್‌ಎಸ್‌ಎಚ್‌ಅನ್ನು ತಗ್ಗಿಸುತ್ತವೆ. ಎಫ್‌ಎಸ್‌ಎಚ್ ತಗ್ಗಿದಾಗ ಒಂದೇ ಗುಂಪಿನಲ್ಲಿ ಬೆಳೆಯಲು ಹೊರಟ ಫಾಲಿಕಲ್‌ಗಳಲ್ಲಿ ಹೆಚ್ಚಿನವು ಕಮರುತ್ತವೆ, ಸುಮಾರು 10 ಮಿ.ಮೀ. ದಾಟಿದ, ಎಫ್‌ಎಸ್‌ಎಚ್‌ಗೆ ಹೆಚ್ಚು ಸೂಕ್ಷ್ಮವಾಗಿ ಸ್ಪಂದಿಸುವ ಒಂದು ಮಾತ್ರ ಮುಂದುವರಿಯುತ್ತದೆ. ಅದರ ಗ್ರ್ಯಾನ್ಯುಲೋಸಾ ಕೋಶಗಳಲ್ಲಿ ಈಗ ಎಲ್‌ಎಚ್ ಗ್ರಾಹಕಗಳೂ ಮೂಡುವುದರಿಂದ ಕಡಿಮೆ ಎಫ್‌ಎಸ್‌ಎಚ್‌ನಲ್ಲೂ ಅದು ಬದುಕಬಲ್ಲದು. ಆ ಒಂದು ಫಾಲಿಕಲ್ ಹೊರಡಿಸುವ ಈಸ್ಟ್ರಡಯಾಲ್ ರಕ್ತದಲ್ಲಿ ಮಿಲಿಲೀಟರಿಗೆ ಸುಮಾರು 200 ಪಿಕೊಗ್ರಾಂ ದಾಟಿ ಎರಡು ದಿನ ಹಾಗೆಯೇ ನಿಂತರೆ, ಅಲ್ಲಿಯವರೆಗೆ ಪಿಟ್ಯುಟರಿಯನ್ನು ತಡೆಯುತ್ತಿದ್ದ ಅದೇ ಹಾರ್ಮೋನು ಈಗ ಪ್ರಚೋದಿಸತೊಡಗುತ್ತದೆ. ಎಲ್‌ಎಚ್ ಉಕ್ಕುತ್ತದೆ, ಆ ಉಕ್ಕು ಪ್ರಾರಂಭವಾದ ಸುಮಾರು 36 ಗಂಟೆಗಳಲ್ಲಿ ಅಂಡ ಹೊರಬೀಳುತ್ತದೆ.

ಅಂಡ ಹೊರಬಿದ್ದ ಮೇಲೆ ಆ ಗೋಡೆಯಲ್ಲಿ ನಡೆಯುವ ಬದಲಾವಣೆ ಸ್ಟಿರಾಯ್ಡ್ ತಯಾರಿಕೆಯ ದೃಷ್ಟಿಯಿಂದ ತುಂಬ ಸೊಗಸಾದದ್ದು. ನಡುವಿನ ತೆಳುಪೊರೆ ಕರಗುತ್ತದೆ, ಥೀಕಾದ ರಕ್ತನಾಳಗಳು ಗ್ರ್ಯಾನ್ಯುಲೋಸಾದ ಒಳಕ್ಕೆ ನುಗ್ಗುತ್ತವೆ. ಅದುವರೆಗೆ ರಕ್ತದ ಮುಖ ಕಾಣದಿದ್ದ ಕೋಶಗಳಿಗೆ ಎಲ್‌ಡಿಎಲ್ ಕೊಲೆಸ್ಟರಾಲ್ ಧಾರಾಳವಾಗಿ ಸಿಗುತ್ತದೆ. ಎಲ್‌ಎಚ್ ಅವುಗಳಲ್ಲಿ ಸ್ಟಾರ್ ಪ್ರೋಟೀನನ್ನೂ ಸರಪಳಿ ಕತ್ತರಿಸುವ ಕಿಣ್ವವನ್ನೂ ಹೆಚ್ಚಿಸಿರುತ್ತದೆ. ಆದರೆ ಈ ಕೋಶಗಳಲ್ಲಿ ಸಿವೈಪಿ17ಎ1 ಇಲ್ಲದ್ದರಿಂದ ದಾರಿ 21 ಇಂಗಾಲದಲ್ಲೇ ನಿಲ್ಲುತ್ತದೆ, ಪ್ರೊಜೆಸ್ಟರಾನ್ ರಾಶಿ ಬೀಳುತ್ತದೆ. ಇದೇ ಕಾರ್ಪಸ್ ಲೂಟಿಯಂ, ಆ ಲ್ಯಾಟಿನ್ ಹೆಸರಿನ ಅರ್ಥ ಹಳದಿ ಮುದ್ದೆ. ಎರಡು ಸೆಂಟಿಮೀಟರಿನಷ್ಟಿರುವ ಈ ಮುದ್ದೆ ತನ್ನ ಉತ್ತುಂಗದಲ್ಲಿ ದಿನಕ್ಕೆ 25 ಮಿಲಿಗ್ರಾಂ ಮತ್ತು ಅದಕ್ಕೂ ಹೆಚ್ಚು ಪ್ರೊಜೆಸ್ಟರಾನ್ ತಯಾರಿಸುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು 14 ದಿನಗಳಲ್ಲಿ ಅದು ಕುಗ್ಗುತ್ತದೆ. ಗರ್ಭ ನಿಂತರೆ ಭ್ರೂಣದ ಕಡೆಯಿಂದ ಬರುವ ಎಚ್‌ಸಿಜಿ ಹಾರ್ಮೋನು ಎಲ್‌ಎಚ್‌ನ ಗ್ರಾಹಕದ ಮೇಲೆಯೇ ಕೆಲಸ ಮಾಡಿ ಅದನ್ನು ಉಳಿಸಿಕೊಳ್ಳುತ್ತದೆ.

ಇನ್ನು ನಿಮ್ಮ ವರದಿಗೆ ಬರುತ್ತೇನೆ. ಪಿಸಿಓಎಸ್ ಇರುವವರಲ್ಲಿ ಥೀಕಾ ಕೋಶಗಳು ಸ್ವಭಾವತಃ ಹೆಚ್ಚು ದುಡಿಯುತ್ತವೆ. ಅಂಥವರ ಅಂಡಾಶಯದಿಂದ ತೆಗೆದ ಥೀಕಾ ಕೋಶಗಳನ್ನು ದೇಹದ ಹೊರಗೆ, ಪ್ರಯೋಗಾಲಯದ ತಟ್ಟೆಯಲ್ಲಿ, ಹಲವು ತಲೆಮಾರುಗಳವರೆಗೆ ಬೆಳೆಸಿದಾಗಲೂ ಅವು ಇತರರ ಕೋಶಗಳಿಗಿಂತ ಹೆಚ್ಚು ಆಂಡ್ರೋಜನ್ ತಯಾರಿಸಿದ್ದು ಕಂಡುಬಂದಿದೆ. ಈ ಸ್ವಭಾವದ ಮೇಲೆ ಎರಡು ಒತ್ತಡಗಳು ಬೀಳುತ್ತವೆ. ಒಂದು, ಎಲ್‌ಎಚ್. ಅಂಡೋತ್ಸರ್ಗ ಅಪರೂಪವಾದ್ದರಿಂದ ಪ್ರೊಜೆಸ್ಟರಾನ್ ಅಪರೂಪ, ಕಡಿವಾಣವಿಲ್ಲದೆ ಜಿಎನ್‌ಆರ್‌ಎಚ್ ಮಿಡಿತ ವೇಗವಾಗಿಯೇ ಉಳಿಯುತ್ತದೆ, ವೇಗದ ಮಿಡಿತ ಎಲ್‌ಎಚ್‌ಅನ್ನು ಹೆಚ್ಚಿಸುತ್ತದೆ. ಅಷ್ಟೇ ಅಲ್ಲದೆ, ಆಂಡ್ರೋಜನ್ ಹೆಚ್ಚಿರುವಾಗ ಹೈಪೊಥಲಾಮಸ್ ಇರುವಷ್ಟು ಪ್ರೊಜೆಸ್ಟರಾನಿಗೂ ಸರಿಯಾಗಿ ಮಣಿಯುವುದಿಲ್ಲ. ನಿಮ್ಮ ಎರಡೂವರೆ ಪಟ್ಟಿನ ಅಂಕಿಯ ಹಿಂದಿರುವುದು ಇದೇ. ಆದರೆ ಆ ಅನುಪಾತವನ್ನು ಮಾತ್ರ ನೋಡಿ ಪಿಸಿಓಎಸ್ ಎಂದು ತೀರ್ಮಾನಿಸುವುದು ಸರಿಯಲ್ಲ. ಅನುಪಾತ ಸಹಜವಾಗಿರುವ ಪಿಸಿಓಎಸ್ ಕೂಡ ಸಾಕಷ್ಟಿದೆ, ಪಿಸಿಓಎಸ್ ಗುರುತಿಸಲು 2003ರಲ್ಲಿ ರೂಪುಗೊಂಡ ರಾಟರ್‌ಡ್ಯಾಮ್ ಮಾನದಂಡಗಳಲ್ಲಿ ಅದಕ್ಕೆ ಸ್ಥಾನವೂ ಇಲ್ಲ.

ಎರಡನೆಯ ಒತ್ತಡ ಇನ್ಸುಲಿನ್. ಇದನ್ನು ಸಕ್ಕರೆಯ ಹಾರ್ಮೋನು ಎಂದಷ್ಟೇ ತಿಳಿದಿರುವವರು ಬಹಳ ಮಂದಿ. ಥೀಕಾ ಕೋಶಗಳಲ್ಲೂ ಇನ್ಸುಲಿನ್ ಗ್ರಾಹಕಗಳಿವೆ, ಅಲ್ಲಿ ಅದು ಎಲ್‌ಎಚ್ ಜೊತೆ ಕೈಜೋಡಿಸಿ ಆಂಡ್ರೋಜನ್ ತಯಾರಿಕೆಯನ್ನು ಹೆಚ್ಚಿಸುತ್ತದೆ. ಸ್ನಾಯುಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ದೇಹ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಸ್ನಾಯು ಕಿವುಡಾಗಿದ್ದರೂ ಅಂಡಾಶಯ ಕಿವುಡಾಗಿರುವುದಿಲ್ಲ, ಆ ಹೆಚ್ಚುವರಿ ಇನ್ಸುಲಿನ್ನಿನ ಮಾತನ್ನು ಅದು ಪೂರ್ತಿಯಾಗಿ ಕೇಳಿಸಿಕೊಳ್ಳುತ್ತದೆ. ಜೊತೆಗೆ ಇನ್ಸುಲಿನ್ ಹೆಚ್ಚಾದರೆ ಯಕೃತ್ತು ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ಕಡಿಮೆ ತಯಾರಿಸುತ್ತದೆ. ರಕ್ತದಲ್ಲಿ ಟೆಸ್ಟೊಸ್ಟಿರಾನನ್ನು ಕಟ್ಟಿಹಾಕಿಕೊಳ್ಳುವುದು ಅದೇ ಪ್ರೋಟೀನ್. ಅದು ಕಡಿಮೆಯಾದಾಗ ಒಟ್ಟು ಟೆಸ್ಟೊಸ್ಟಿರಾನ್ ಸ್ವಲ್ಪವೇ ಏರಿದ್ದರೂ ಬಿಡಿಯಾಗಿ ಓಡಾಡುವ ಪಾಲು ಗಣನೀಯವಾಗಿ ಹೆಚ್ಚಿರಬಹುದು. ಆದ್ದರಿಂದ ನಿಮ್ಮ ಮುಂದಿನ ಪರೀಕ್ಷೆಯಲ್ಲಿ ಎಸ್‌ಎಚ್‌ಬಿಜಿಯನ್ನೂ ಸೇರಿಸಬಹುದೇ ಎಂದು ವೈದ್ಯರನ್ನು ಕೇಳಿ. ಹೆಣ್ಣಿನ ರಕ್ತದಲ್ಲಿರುವಂಥ ಸಣ್ಣ ಪ್ರಮಾಣದ ಟೆಸ್ಟೊಸ್ಟಿರಾನನ್ನು ಅಳೆಯುವಾಗ ಸಾಮಾನ್ಯ ಪ್ರತಿಕಾಯ ವಿಧಾನಕ್ಕಿಂತ ಮಾಸ್ ಸ್ಪೆಕ್ಟ್ರೊಮೆಟ್ರಿ ವಿಧಾನ ಹೆಚ್ಚು ನಂಬಿಕೆಗೆ ಅರ್ಹ ಎಂಬುದನ್ನೂ ಇಲ್ಲಿಯೇ ಸೇರಿಸುತ್ತೇನೆ.

ಈಸ್ಟ್ರಡಯಾಲ್ ಸಹಜವಾಗಿರುವುದು ನಿಮಗೆ ಒಗಟಾಗಿ ಕಂಡಿದೆ. ನಿಮ್ಮ ಗ್ರ್ಯಾನ್ಯುಲೋಸಾ ಕೋಶಗಳು ಕೆಟ್ಟಿಲ್ಲ. ಪಿಸಿಓಎಸ್ ಇರುವವರ ಆ ಕೋಶಗಳಿಗೆ ತಟ್ಟೆಯಲ್ಲಿ ಎಫ್‌ಎಸ್‌ಎಚ್ ಕೊಟ್ಟರೆ ಅವು ಚೆನ್ನಾಗಿಯೇ ಈಸ್ಟ್ರಡಯಾಲ್ ತಯಾರಿಸುತ್ತವೆ. ದೇಹದೊಳಗೆ ಅವುಗಳಿಗೆ ಸಿಗುತ್ತಿರುವ ಎಫ್‌ಎಸ್‌ಎಚ್ ಅವುಗಳನ್ನು ಮುಂದಕ್ಕೆ ದಾಟಿಸುವಷ್ಟಿಲ್ಲ. ಸಾಲದ್ದಕ್ಕೆ, ಸಣ್ಣ ಫಾಲಿಕಲ್‌ಗಳು ಹೊರಡಿಸುವ ಎಎಂಎಚ್ ಹಾರ್ಮೋನು ಎಫ್‌ಎಸ್‌ಎಚ್‌ನ ಪರಿಣಾಮವನ್ನು ತಗ್ಗಿಸುತ್ತದೆ, ಸಣ್ಣ ಫಾಲಿಕಲ್‌ಗಳು ಹೆಚ್ಚಿದ್ದಷ್ಟೂ ಎಎಂಎಚ್ ಹೆಚ್ಚು. ಹೀಗಾಗಿ ಹಲವಾರು ಫಾಲಿಕಲ್‌ಗಳು 10 ಮಿ.ಮೀ.ಗಿಂತ ಚಿಕ್ಕದಾಗಿಯೇ ಸಾಲುಗಟ್ಟಿ ನಿಲ್ಲುತ್ತವೆ. ಸ್ಕ್ಯಾನಿಂಗ್ ವರದಿಯಲ್ಲಿ ‘ಸಿಸ್ಟ್’ ಎಂದು ಹೇಳಿ ಗಾಬರಿ ಹುಟ್ಟಿಸುವುದು ಇವನ್ನೇ. ಇವು ಗಂಟುಗಳಲ್ಲ, ದಾರಿಯ ಮಧ್ಯೆ ನಿಂತ ಸಹಜ ಫಾಲಿಕಲ್‌ಗಳು. ಅವುಗಳಿಂದ ಒಂದಿಷ್ಟು ಈಸ್ಟ್ರಡಯಾಲ್ ಬರುತ್ತಲೇ ಇರುತ್ತದೆ, ಕೊಬ್ಬಿನ ಅಂಗಾಂಶದ ಆರೊಮಟೇಸ್ ಕೂಡ ಆಂಡ್ರೊಸ್ಟೆನೆಡಯೋನಿನಿಂದ ಈಸ್ಟ್ರೋನ್ ಮಾಡುತ್ತದೆ. ನಿಮಗೆ ಕೊರತೆಯಿರುವುದು ಈಸ್ಟ್ರೋಜನ್ನಿನದಲ್ಲ, ಎರಡು ದಿನ ಎತ್ತರದಲ್ಲಿ ನಿಂತು ಎಲ್‌ಎಚ್ ಉಕ್ಕಿಸುವ ಆ ಏರಿಕೆಯದು, ಅದರ ಹಿಂದೆಯೇ ಬರಬೇಕಾದ ಪ್ರೊಜೆಸ್ಟರಾನಿನದು.

ಲೆಟ್ರೊಜೋಲ್ ಕೈಹಾಕುವುದು ಇಲ್ಲಿಗೆ. ಅದು ಆರೊಮಟೇಸನ್ನು ತಡೆಯುವ ಮಾತ್ರೆ. ಸ್ತನ ಕ್ಯಾನ್ಸರ್ ಚಿಕಿತ್ಸೆಗೆಂದು ಬಂದದ್ದು ನಿಜ, ಅದನ್ನು ಓದಿ ನೀವು ಹೆದರಬೇಕಾಗಿಲ್ಲ. ಅಲ್ಲಿ ವರ್ಷಗಟ್ಟಲೆ ಕೊಡುತ್ತಾರೆ, ಇಲ್ಲಿ ಮುಟ್ಟಿನ ಮೊದಲ ದಿನಗಳಲ್ಲಿ ಸಾಮಾನ್ಯವಾಗಿ ಐದು ದಿನ. ಆ ಐದು ದಿನಗಳಲ್ಲಿ ಈಸ್ಟ್ರೋಜನ್ ತಗ್ಗುತ್ತದೆ, ಪಿಟ್ಯುಟರಿ ಅದನ್ನು ಗಮನಿಸಿ ಎಫ್‌ಎಸ್‌ಎಚ್ ಹೆಚ್ಚಿಸುತ್ತದೆ. ಹಾಗೆಯೇ ಈಸ್ಟ್ರೋಜನ್ ಆಗದೆ ಉಳಿದ ಆಂಡ್ರೋಜನ್ ಫಾಲಿಕಲ್ಲಿನೊಳಗೆ ಸ್ವಲ್ಪ ಕಾಲ ಹೆಚ್ಚಿ, ನಾನು ಮೇಲೆ ಹೇಳಿದಂತೆ, ಎಫ್‌ಎಸ್‌ಎಚ್ ಗ್ರಾಹಕಗಳಿಗೆ ಒತ್ತಾಸೆಯಾಗುತ್ತದೆ ಎಂಬುದು ಒಂದು ವಿವರಣೆ. ಮಾತ್ರೆಯ ಅರ್ಧಾಯು ಸುಮಾರು ಎರಡು ದಿನ ಮಾತ್ರ, ಆದ್ದರಿಂದ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಆರೊಮಟೇಸ್ ಬಿಡುಗಡೆ ಹೊಂದುತ್ತದೆ. ಅಷ್ಟರಲ್ಲಿ ಎಫ್‌ಎಸ್‌ಎಚ್‌ನ ಬಲದಿಂದ ಒಂದು ಫಾಲಿಕಲ್ 10 ಮಿ.ಮೀ.ನ ಗಡಿಯನ್ನು ದಾಟಿರುತ್ತದೆ, ಅದರ ಈಸ್ಟ್ರಡಯಾಲ್ ಏರುತ್ತದೆ, ಏರಿದ ಈಸ್ಟ್ರಡಯಾಲ್ ಎಫ್‌ಎಸ್‌ಎಚ್‌ಅನ್ನು ತಗ್ಗಿಸಿ ಉಳಿದವುಗಳನ್ನು ಹಿಂದಕ್ಕೆ ಸರಿಸುತ್ತದೆ. ಹಳೆಯ ಔಷಧಿಯಾದ ಕ್ಲೋಮಿಫೀನ್ ಈಸ್ಟ್ರೋಜನ್ ಗ್ರಾಹಕಗಳನ್ನೇ ಹಿಡಿದು ದೇಹದಲ್ಲಿ ಹೆಚ್ಚು ಕಾಲ ಉಳಿಯುವುದರಿಂದ ಅಂಡಾಶಯ ಕಳುಹಿಸುವ ಈ ಸುದ್ದಿ ಪಿಟ್ಯುಟರಿಗೆ ಸರಿಯಾಗಿ ಮುಟ್ಟುವುದಿಲ್ಲ, ಗರ್ಭಕೋಶದ ಒಳಪದರವೂ ಕೆಲವರಲ್ಲಿ ತೆಳುವಾಗುತ್ತದೆ. ಪಿಸಿಓಎಸ್ ಇದ್ದ 750 ಮಹಿಳೆಯರಲ್ಲಿ ಎರಡನ್ನೂ ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೆಟ್ರೊಜೋಲ್ ಪಡೆದವರಲ್ಲಿ ಶೇ. 27.5 ಮಂದಿಗೆ, ಕ್ಲೋಮಿಫೀನ್ ಪಡೆದವರಲ್ಲಿ ಶೇ. 19.1 ಮಂದಿಗೆ ಜೀವಂತ ಮಗು ಜನಿಸಿತು. ನಿಮ್ಮ ವೈದ್ಯರ ಆಯ್ಕೆಗೆ ಒಳ್ಳೆಯ ಆಧಾರವಿದೆ.

ಗರ್ಭಿಣಿಯಲ್ಲ ಎಂದು ಖಚಿತಪಡಿಸಿಕೊಂಡ ಮೇಲೆಯೇ ಪ್ರತಿ ಸಲ ಈ ಮಾತ್ರೆಯನ್ನು ಪ್ರಾರಂಭಿಸಬೇಕು. ಇನ್ನು ಮುಟ್ಟಿಲ್ಲದೆ 90 ದಿನ ಮೀರಿದರೆ ಸುಮ್ಮನಿರದೆ ವೈದ್ಯರಿಗೆ ತಿಳಿಸಿ, ಏಕೆಂದರೆ ಪ್ರೊಜೆಸ್ಟರಾನಿನ ತಡೆಯಿಲ್ಲದೆ ಈಸ್ಟ್ರೋಜನ್ ಒಂದೇ ಸಮನೆ ಕೆಲಸ ಮಾಡುತ್ತಿದ್ದರೆ ಗರ್ಭಕೋಶದ ಒಳಪದರ ಅತಿಯಾಗಿ ಬೆಳೆಯುವ ಅಪಾಯವಿದೆ. ಕೊನೆಯದಾಗಿ, ಅಂಡೋತ್ಸರ್ಗವಾಯಿತೇ ಎಂದು ತಿಳಿಯಲು ‘21ನೆಯ ದಿನ’ ಪ್ರೊಜೆಸ್ಟರಾನ್ ನೋಡುವ ವಾಡಿಕೆ 28 ದಿನಗಳ ಚಕ್ರಕ್ಕೆ ಹೊಂದುವಂಥದ್ದು. 45 ದಿನಗಳ ಚಕ್ರದವರು ಅದೇ ದಿನ ರಕ್ತ ಕೊಟ್ಟು, ಅಂಕಿ ಕಡಿಮೆ ಬಂತೆಂದು ನಿರಾಶರಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಸ್ಕ್ಯಾನಿಂಗಿನಲ್ಲೋ ಮೂತ್ರದ ಎಲ್‌ಎಚ್ ಪಟ್ಟಿಯಲ್ಲೋ ಅಂಡೋತ್ಸರ್ಗದ ಸುಳಿವು ಸಿಕ್ಕ ದಿನದಿಂದ ಏಳು ದಿನ ಎಣಿಸಿ ಆಗ ಪರೀಕ್ಷೆ ಮಾಡಿಸಿ. ಪ್ರೊಜೆಸ್ಟರಾನ್ ಮಿಲಿಲೀಟರಿಗೆ 3 ನ್ಯಾನೊಗ್ರಾಂ ದಾಟಿದ್ದರೆ ನಿಮ್ಮ ಅಂಡಾಶಯದಲ್ಲಿ ಆ ಹಳದಿ ಮುದ್ದೆ ಮೂಡಿದೆ ಎಂದರ್ಥ.